ಕಿವಿ ಕಟ್ಟಿದೆಯಾ? ಮೊದಲು ಮೂಗು ನೋಡಿ: ಗಣಪತಿ ಹಬ್ಬದಿಂದ ಕಾರ್ತಿಕದವರೆಗಿನ ಸಮಗ್ರ ಮಾರ್ಗದರ್ಶಿ

ಅಟ್ಟದಿಂದ ಗೊಂಬೆಯ ಟ್ರಂಕ್ ಇಳಿಸಿದ ದಿನವೇ ಎಲ್ಲ ಶುರುವಾಗಿದ್ದು. ವರ್ಷವಿಡೀ ಮುಚ್ಚಿಟ್ಟಿದ್ದ ಟ್ರಂಕ್. ಪಟ್ಟದ ಗೊಂಬೆ, ಶೆಟ್ಟಿ, ಶೆಟ್ಟಮ್ಮ ಎಲ್ಲರನ್ನೂ ಅಜ್ಜಿಯ ಹಳೇ ಹತ್ತಿ ಸೀರೆಯ ತುಂಡುಗಳಲ್ಲಿ ಸುತ್ತಿಟ್ಟಿದ್ದೆವು. ಮೊದಲ ಗಂಟು ಬಿಚ್ಚಿದ್ದೇ ತಡ, ಸೀನು. ಒಂದಲ್ಲ ಎರಡಲ್ಲ, ಸತತ ಹನ್ನೊಂದು. ಮಗಳು ಪಕ್ಕದಲ್ಲಿ ಕೂತು ಎಣಿಸಿದಳು.

ನಾಲ್ಕು ದಿನ ಬಿಟ್ಟು ಧರ್ಮಸ್ಥಳಕ್ಕೆ ಹೊರಟೆವು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯುವಾಗ ಎಡಗಿವಿ ಕಟ್ಟಿಕೊಂಡಿತು. ಘಾಟಿಯಲ್ಲಿ ಕಿವಿ ಕಟ್ಟೋದು ಹೊಸದೇನಲ್ಲ. ಎಂಜಲು ನುಂಗಿದರೆ ಟಪ್ ಅಂತ ಬಿಡುತ್ತೆ. ಈ ಸಲ ಬಿಡಲಿಲ್ಲ. ಉಜಿರೆ ಬಂದರೂ ಬಿಡಲಿಲ್ಲ, ಊರಿಗೆ ವಾಪಸ್ ಬಂದರೂ ಬಿಡಲಿಲ್ಲ. ನನ್ನ ದನಿ ನನಗೇ ಕೊಡದೊಳಗಿಂದ ಬಂದ ಹಾಗೆ ಕೇಳಿಸುತ್ತಿತ್ತು. ಒಬ್ಬರು ಬೆಳ್ಳುಳ್ಳಿ ಎಣ್ಣೆ ಬಿಡು ಅಂದರು. ಇನ್ನೊಬ್ಬರು ಗುಗ್ಗೆ ಇರಬೇಕು, ತೆಗೆಸು ಅಂದರು. ಕೊನೆಗೆ ಇಎನ್‌ಟಿ ಡಾಕ್ಟರ್ ಕಿವಿಯೊಳಗೆ ಲೈಟ್ ಬಿಟ್ಟು ನೋಡಿ, ಚೀಟಿಯಲ್ಲಿ ಬರೆದುಕೊಟ್ಟಿದ್ದು ಮೂಗಿನ ಸ್ಪ್ರೇ. ಕಿವಿಗೆ ಒಂದು ಹನಿಯೂ ಇಲ್ಲ.

ಈ ಬರಹದ ಮುಖ್ಯ ಮಾತು ಅಷ್ಟೇ. ಈ ಕಾಲದಲ್ಲಿ ಕಿವಿ ಕಟ್ಟಿದರೆ ಬಹಳ ಸಲ ತಪ್ಪು ಮೂಗಿನದು. ಮೂಗನ್ನು ನೋಡಿಕೊಂಡರೆ ಕಿವಿ ತಾನಾಗಿ ದಾರಿಗೆ ಬರುತ್ತೆ. ಆದರೆ ಒಂದು ಕಾಯಿಲೆ ಇದೇ ವೇಷದಲ್ಲಿ ಬರುತ್ತೆ, ಅದಕ್ಕೆ ಕಾಯುತ್ತಾ ಕೂರುವಂತಿಲ್ಲ. ಅದನ್ನು ಹಂತ 6ರಲ್ಲಿ ಹೇಳಿದ್ದೇನೆ. ಬೇರೆ ಏನೂ ಓದದಿದ್ದರೂ ಅದೊಂದನ್ನು ಓದಿ. ನಾನು ಡಾಕ್ಟರ್ ಅಲ್ಲ, ಹಳೇ ರೋಗಿ. ನಿಮಗೆ ಬಿಪಿ, ಶುಗರ್, ಆಸ್ತಮಾ ಇದ್ದರೆ ಅಥವಾ ಗರ್ಭಿಣಿಯಾಗಿದ್ದರೆ ಇಲ್ಲಿ ಬರೆದಿರುವ ಔಷಧಿಗಳನ್ನು ನಿಮ್ಮ ಡಾಕ್ಟರನ್ನು ಕೇಳಿಯೇ ತಗೊಳ್ಳಿ.

ಆ ಸಣ್ಣ ಕೊಳವೆ

ಕಿವಿಯ ತಮಟೆಯ ಹಿಂದೆ ಒಂದು ಪುಟ್ಟ ಕೋಣೆ ಇದೆ. ಅದರೊಳಗೆ ಗಾಳಿ ಇರಬೇಕು. ಆ ಗಾಳಿ ಬರೋದು ಮೂಗಿನ ಹಿಂಭಾಗದಿಂದ, ಸುಮಾರು ಮೂರೂವರೆ ಸೆಂಟಿಮೀಟರ್ ಉದ್ದದ ಯುಸ್ಟೇಶಿಯನ್ ಕೊಳವೆಯ ಮೂಲಕ. ಈ ಕೊಳವೆ ಸಾಮಾನ್ಯವಾಗಿ ಮುಚ್ಚಿಕೊಂಡೇ ಇರುತ್ತೆ. ನುಂಗಿದಾಗ, ಆಕಳಿಸಿದಾಗ ಒಂದು ಕ್ಷಣ ತೆರೆದು ಗಾಳಿಯ ಒತ್ತಡ ಸಮ ಮಾಡಿ ಮತ್ತೆ ಮುಚ್ಚಿಕೊಳ್ಳುತ್ತೆ. ಘಾಟಿಯ ಆ 'ಟಪ್' ಅಂದರೆ ಇದೇ.

ಅಲರ್ಜಿಯಾದಾಗ ಮೂಗಿನೊಳಗಿನ ಪದರ ಊದಿಕೊಳ್ಳುತ್ತೆ, ಜೊತೆಗೆ ಕೊಳವೆಯ ಬಾಯಿಯೂ ಊದಿಕೊಳ್ಳುತ್ತೆ. ಬಾಗಿಲು ಬಿಗಿಯಾಯಿತು ಅಂದಮೇಲೆ ಒಳಗಿನ ಗಾಳಿ ಮೆಲ್ಲಗೆ ರಕ್ತಕ್ಕೆ ಸೇರಿ ಕಡಿಮೆಯಾಗುತ್ತೆ, ಹೊರಗಿನ ಗಾಳಿ ತಮಟೆಯನ್ನು ಒಳಕ್ಕೆ ಒತ್ತುತ್ತೆ. ಕಿವಿ ಭಾರ, ಮಂದ. ಹೀಗೇ ಕೆಲವು ದಿನ ಹೋದರೆ ಆ ಕೋಣೆಯೊಳಗೆ ನೀರಿನಂಥ ದ್ರವವೂ ತುಂಬಿಕೊಳ್ಳಬಹುದು. ಘಾಟಿ ಹತ್ತುವಾಗಿನದಕ್ಕಿಂತ ಇಳಿಯುವಾಗ ತೊಂದರೆ ಜಾಸ್ತಿ ಯಾಕೆ ಅಂದರೆ, ಹತ್ತುವಾಗ ಒಳಗಿನ ಗಾಳಿ ತಾನೇ ತಳ್ಳಿಕೊಂಡು ಹೊರಗೆ ಬರುತ್ತೆ. ಇಳಿಯುವಾಗ ಹೊರಗಿನಿಂದ ಒಳಗೆ ಗಾಳಿ ಹೋಗಬೇಕು. ಬಾಗಿಲು ಊದಿದ್ದರೆ ಹೇಗೆ ಹೋಗುತ್ತೆ?

ಹಂತ 1: ನಿಮ್ಮ ಸೀನು ಯಾವುದರಿಂದ, ಪತ್ತೆ ಮಾಡಿ

ಶರದೃತು ಅಂದರೆ ನಮ್ಮಲ್ಲಿ ಮಳೆ ಕಮ್ಮಿಯಾಗಿ ಚಳಿ ಇನ್ನೂ ಹಿಡಿಯದ ಕಾಲ. ಬೇರೆ ದೇಶಗಳಲ್ಲಿ ಈಗ ಎಲೆ ಉದುರುತ್ತೆ. ನಮ್ಮಲ್ಲಿ ಎಲ್ಲ ಹಸಿರು, ಎಲ್ಲ ಹೂವು. ಸಮಸ್ಯೆಯೂ ಅದೇ. ಮಳೆಯಲ್ಲಿ ಬೆಳೆದ ಹುಲ್ಲು ಈಗ ಪರಾಗ ಬಿಡುತ್ತೆ. ಖಾಲಿ ಸೈಟುಗಳಲ್ಲಿ ಕಾಂಗ್ರೆಸ್ ಗಿಡ ಸೊಂಟದೆತ್ತರ ನಿಂತು ಬಿಳಿ ಹೂ ತಲೆ ಅಲ್ಲಾಡಿಸುತ್ತಿರುತ್ತೆ. 1950ರ ದಶಕದಲ್ಲಿ ಹೊರಗಿನಿಂದ ತರಿಸಿದ ಗೋಧಿಯ ಜೊತೆ ಬಂತು ಅಂತ ಹೇಳುವ ಗಿಡ ಇದು. ಇದನ್ನು ತಿಂದು ಮುಗಿಸಲಿ ಅಂತ 1980ರ ದಶಕದಲ್ಲಿ ಮೆಕ್ಸಿಕೋದ ಒಂದು ಜೀರುಂಡೆಯನ್ನು ತಂದು ಬೆಂಗಳೂರಿನಲ್ಲಿ ಬಿಟ್ಟರು. ಜೀರುಂಡೆ ಈಗಲೂ ಮಳೆಗಾಲದಲ್ಲಿ ತನ್ನ ಪಾಲಿನದು ತಿನ್ನುತ್ತಿದೆ. ಗಿಡವೂ ತನ್ನ ಪಾಲಿಗೆ ಬೆಳೆಯುತ್ತಿದೆ.

ಹೊರಗೆ ಪರಾಗವಾದರೆ, ಒಳಗೆ ಎರಡು ಇವೆ. ಒಂದು, ಮಳೆಗೆ ನೆನೆದ ಗೋಡೆಯ ಬೂಷ್ಟು. ಎರಡು, ದೂಳಿನ ಹುಳ. ಇದು ಕಣ್ಣಿಗೆ ಕಾಣಲ್ಲ. ನಮ್ಮ ಚರ್ಮದಿಂದ ಉದುರುವ ಹೊಟ್ಟು ತಿಂದು ಹಾಸಿಗೆ, ದಿಂಬು, ರಗ್ಗಿನಲ್ಲಿ ಬದುಕುತ್ತೆ. ಮಳೆಗಾಲದ ತೇವ ಅದಕ್ಕೆ ಹಬ್ಬ. ಗೊಂಬೆ ಸುತ್ತಿಟ್ಟ ಸೀರೆ, ಆಯುಧ ಪೂಜೆಗೆ ಕ್ಲೀನ್ ಮಾಡುವ ಸಾಮಾನಿನ ಕೋಣೆ, ಚಳಿಗೆ ಅಂತ ಹೊರಗೆ ತೆಗೆಯುವ ಕಂಬಳಿ, ಮೂರರಲ್ಲೂ ಇದು ಸಿಗುತ್ತೆ.

ಎರಡು ವಾರ ಕ್ಯಾಲೆಂಡರ್ ಮೇಲೆ ಬರೆಯಿರಿ. ಸೀನು ಬಂದ ಹೊತ್ತು, ಇದ್ದ ಜಾಗ, ಮಾಡುತ್ತಿದ್ದ ಕೆಲಸ. ಸಾಕು. ಬೆಳಗ್ಗೆ ಹಾಸಿಗೆಯಿಂದ ಏಳುವಾಗಲೇ ಸೀನಾದರೆ ಹಾಸಿಗೆಯ ಮೇಲೆ ಅನುಮಾನ ಇಡಿ. ವಾಕಿಂಗ್ ಹೋಗಿ ಬಂದ ಮೇಲೆ ಕಣ್ಣು ಕೆರೆದರೆ ಪರಾಗ. ಒಂದು ಕೋಣೆಗೆ ಹೋದಾಗ ಮಾತ್ರ ಆದರೆ ಬೂಷ್ಟು. ಜ್ವರ, ಮೈಕೈ ನೋವು, ಗಟ್ಟಿ ಹಳದಿ ಸಿಂಬಳ ಇದ್ದರೆ ಅದು ಬಹುಶಃ ಶೀತ, ಅಲರ್ಜಿ ಅಲ್ಲ. ಅಲರ್ಜಿಯಲ್ಲಿ ಮೂಗು ನೀರಿನ ಹಾಗೆ ಸುರಿಯುತ್ತೆ, ಕಣ್ಣು ಮತ್ತು ಅಂಗುಳು ತುರಿಸುತ್ತೆ, ವಾರವಾದರೂ ನಿಲ್ಲಲ್ಲ. ನನ್ನ ಪಟ್ಟಿಯಲ್ಲಿ 14ರಲ್ಲಿ 11 ಬೆಳಗು 'ಹಾಸಿಗೆ' ಅಂತಿತ್ತು. ಅದುವರೆಗೆ ನಾನು ಪಕ್ಕದ ಸೈಟಿನ ಕಾಂಗ್ರೆಸ್ ಗಿಡವನ್ನು ಸುಮ್ನೆ ಬೈಯುತ್ತಿದ್ದೆ.

ಹಂತ 2: ಮನೆಯ ದೂಳಿಗೆ ನೀರು ತೋರಿಸಿ

ಒಣ ಪೊರಕೆಯಲ್ಲಿ ಗುಡಿಸಿದರೆ ದೂಳು ಎಲ್ಲೂ ಹೋಗಲ್ಲ, ಎದ್ದು ಮತ್ತೆ ಕೂರುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಿ. ಅಟ್ಟಕ್ಕೆ ಕೈ ಹಾಕುವ ಮುಂಚೆ ಎನ್95 ಮಾಸ್ಕ್ ಹಾಕಿ. ಕೋವಿಡ್ ಕಾಲದ್ದು ಡ್ರಾಯರಿನಲ್ಲಿ ಇದ್ದೇ ಇರುತ್ತೆ ಅಲ್ವಾ? ಟ್ರಂಕನ್ನು ಹಾಲಿನಲ್ಲಿ ಬಿಚ್ಚಬೇಡಿ, ಟೆರೇಸಿಗೋ ಬಾಲ್ಕನಿಗೋ ಒಯ್ಯಿರಿ. ಸೀನುವವರಿಗೆ ಆ ಕೆಲಸ ಕೊಡದಿದ್ದರೆ ಇನ್ನೂ ಒಳ್ಳೇದು. ಹಬ್ಬದ ಮನೆಯಲ್ಲಿ ಈ ಮಾತು ಯಾರೂ ನಂಬಲ್ಲ, ಕೆಲಸ ತಪ್ಪಿಸಿಕೊಳ್ಳೋಕೆ ನೆಪ ಅಂತಾರೆ. ಆದರೂ ಹೇಳಿ.

ಹಾಸಿಗೆ ಹೊದಿಕೆ, ದಿಂಬಿನ ಕವರ್ ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. 60 ಡಿಗ್ರಿ ಸೆಲ್ಸಿಯಸ್ ನೀರಾದರೆ ಹುಳ ಸಾಯುತ್ತೆ. ತಣ್ಣೀರಿನಲ್ಲಿ ಒಗೆದರೆ ಸ್ನಾನ ಮಾಡಿಸಿದ ಹಾಗೆ. ಹಾಸಿಗೆಯನ್ನು ಒಳ್ಳೇ ಬಿಸಿಲಿಗೆ ಹಾಕಿ ಬಡಿಯೋದು ನಮ್ಮ ಅಜ್ಜಿಯರ ರೂಢಿ, ತೇವ ಹೋಗೋದಕ್ಕೆ ಅದು ಚೆನ್ನಾಗಿದೆ. ಬಡಿಯುವವರು ಮಾತ್ರ ಗಾಳಿಗೆ ಬೆನ್ನು ಕೊಟ್ಟು ನಿಲ್ಲಲಿ. ಕಂಬಳಿ ಬೀರುವಿನಿಂದ ಬಂದ ರಾತ್ರಿಯೇ ಹೊದೆಯಬೇಡಿ.

ಪರಾಗದ ತೊಂದರೆ ಇರುವವರು ಹೊರಗಿನಿಂದ ಬಂದ ಕೂಡಲೇ ಮುಖ ತೊಳೆದು ಬಟ್ಟೆ ಬದಲಿಸಿ. ತಲೆಗೂದಲಲ್ಲಿ ಕೂತ ಪರಾಗ ರಾತ್ರಿ ದಿಂಬಿಗೆ ಇಳಿಯುತ್ತೆ, ಹಾಗಾಗಿ ಸಂಜೆ ಸ್ನಾನ ಮಾಡಿದರೆ ಲಾಭ. ಕಾಂಗ್ರೆಸ್ ಗಿಡ ಕೀಳುವುದಾದರೆ ಹೂ ಬಿಡುವ ಮುಂಚೆ, ಕೈಗವಸು ಹಾಕಿ ಕೀಳಿ. ಬರಿಗೈಯಲ್ಲಿ ಮುಟ್ಟಿದರೆ ಚರ್ಮಕ್ಕೂ ಅಲರ್ಜಿಯಾಗುತ್ತೆ. ಅಗರಬತ್ತಿ, ಧೂಪದ ಹೊಗೆ ಅಲರ್ಜಿ ತರದಿದ್ದರೂ ಊದಿದ ಮೂಗನ್ನು ಇನ್ನಷ್ಟು ಕೆರಳಿಸುತ್ತೆ. ಪೂಜೆ ಬಿಡಬೇಕಿಲ್ಲ, ಕಿಟಕಿ ತೆಗೆಯಿರಿ.

ಹಂತ 3: ಮೂಗು ತೊಳೆಯೋದು

ಜಲನೇತಿ ಅಂದರೆ ಯೋಗದವರ ಕಸರತ್ತು ಅಂತ ನಾನೂ ದೂರ ಇದ್ದೆ. ಈಗ ಡಾಕ್ಟರುಗಳೂ ಉಪ್ಪುನೀರಲ್ಲಿ ಮೂಗು ತೊಳೆಯಿರಿ ಅಂತಾರೆ. ಪರಾಗ, ದೂಳು, ಸಿಂಬಳ ಎಲ್ಲ ಕೊಚ್ಚಿ ಹೋಗುತ್ತೆ, ಆಮೇಲೆ ಹಾಕುವ ಸ್ಪ್ರೇ ಪದರಕ್ಕೆ ನೇರ ತಾಗುತ್ತೆ.

ನೀರಿನ ವಿಷಯದಲ್ಲಿ ರಾಜಿ ಇಲ್ಲ. ನಲ್ಲಿ ನೀರು, ಬೋರ್ ನೀರು, ಟ್ಯಾಂಕ್ ನೀರು ನೇರವಾಗಿ ಬೇಡ. ಸಿಹಿನೀರಿನಲ್ಲಿ ಇರುವ ನೇಗ್ಲೇರಿಯಾ ಎಂಬ ಅಮೀಬಾ ಮೂಗಿನ ಮೂಲಕ ಮಿದುಳಿಗೆ ಹೋದರೆ ಬದುಕುವವರು ತೀರಾ ಕಮ್ಮಿ. ಪಕ್ಕದ ಕೇರಳದಲ್ಲಿ ಇತ್ತೀಚಿನ ವರ್ಷಗಳಲ್ಲಿ ಅಮೀಬಾದ ಇಂಥ ಮಿದುಳು ಜ್ವರದ ಪ್ರಕರಣಗಳು ಆಗಿವೆ. ಕುಡಿದರೆ ಏನೂ ಆಗದ ನೀರೇ ಮೂಗಿಗೆ ಹೋದರೆ ಅಪಾಯ. ಆದ್ದರಿಂದ ಒಂದು ನಿಮಿಷ ಕೊತಕೊತ ಕುದಿಸಿ, ಮುಚ್ಚಿಟ್ಟು, ಉಗುರುಬೆಚ್ಚಗೆ ಆದಮೇಲೆ ಬಳಸಿ.

ಅರ್ಧ ಲೀಟರ್ ನೀರಿಗೆ ಮಟ್ಟಸವಾಗಿ ಒಂದು ಟೀ ಚಮಚಕ್ಕಿಂತ ಕೊಂಚ ಕಮ್ಮಿ, ಅಂದರೆ ಸುಮಾರು ನಾಲ್ಕೂವರೆ ಗ್ರಾಂ ಉಪ್ಪು. ಅಯೋಡಿನ್ ಇಲ್ಲದ ಉಪ್ಪಾದರೆ ಉರಿ ಕಮ್ಮಿ. ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದರೆ ಇನ್ನೂ ಹಿತ. ಉಪ್ಪು ಹಾಕದ ಬರೀ ನೀರು ಹೋದರೆ ಹಣೆಯವರೆಗೆ ಚುರುಕ್ ಅನ್ನುತ್ತೆ. ಈಜುವಾಗ ಮೂಗಿಗೆ ನೀರು ಹೋದವರಿಗೆ ಗೊತ್ತು.

ವಾಶ್‌ಬೇಸಿನ್ ಮೇಲೆ ಬಾಗಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಮೇಲಿನ ಹೊಳ್ಳೆಗೆ ಮೆಲ್ಲಗೆ ಬಿಡಿ. ಬಾಯಲ್ಲಿ ಉಸಿರಾಡಿ. ಕೆಳಗಿನ ಹೊಳ್ಳೆಯಿಂದ ನೀರು ಬರುತ್ತೆ. ಬಾಟಲಿಯಾದರೆ ಜೋರಾಗಿ ಹಿಸುಕಬೇಡಿ, ಒತ್ತಡ ಕಿವಿಗೆ ಹೋಗುತ್ತೆ. ಮುಗಿದ ಮೇಲೆ ಒಂದೊಂದೇ ಹೊಳ್ಳೆ ಮುಚ್ಚಿ ಮೆತ್ತಗೆ ಸೀದಿ. ಎರಡೂ ಒತ್ತಿ ಹಿಡಿದು ಭರ್ ಅಂತ ಸೀದಿದರೆ ಸಿಂಬಳವನ್ನು ನೀವೇ ಕಿವಿಯ ಕೊಳವೆಗೆ ತಳ್ಳಿದ ಹಾಗೆ. ಮೂಗು ಪೂರ್ತಿ ಕಟ್ಟಿದ್ದರೆ, ಕಿವಿ ನೋವು ಇದ್ದರೆ ಆ ದಿನ ತೊಳೆಯೋದು ಬೇಡ. ಪಾತ್ರೆಯನ್ನು ಪ್ರತಿ ಸಲ ತೊಳೆದು ಒಣಗಿಸಿ.

ಹಂತ 4: ಸ್ಪ್ರೇ ಮತ್ತು ಮಾತ್ರೆ

ಮೂಗಿನ ಸ್ಪ್ರೇಗಳಲ್ಲಿ ಎರಡು ಜಾತಿ. ಎರಡೂ ನೋಡೋಕೆ ಒಂದೇ ಥರ, ಗುಣ ಪೂರ್ತಿ ಬೇರೆ. ಜನ ಮೋಸ ಹೋಗೋದು ಇಲ್ಲೇ.

ಮೊದಲನೆಯದು ಕ್ಸೈಲೋಮೆಟಜೋಲಿನ್, ಆಕ್ಸಿಮೆಟಜೋಲಿನ್ ಇರುವಂಥದ್ದು. ಹಾಕಿದ ಐದು ಹತ್ತು ನಿಮಿಷದಲ್ಲಿ ಮೂಗು ಬಿಡುತ್ತೆ, ಸ್ವರ್ಗ. ಆದರೆ ಮೂರರಿಂದ ಐದು ದಿನ ದಾಟಿದರೆ ಮೂಗು ಅದಕ್ಕೇ ಒಗ್ಗಿಹೋಗುತ್ತೆ. ಹಾಕದಿದ್ದರೆ ಮೊದಲಿಗಿಂತ ಜಾಸ್ತಿ ಕಟ್ಟುತ್ತೆ, ಅದಕ್ಕೆ ಮತ್ತೆ ಹಾಕಬೇಕು. ನಮ್ಮ ಆಫೀಸಿನಲ್ಲಿ ಒಬ್ಬರು ನಾಲ್ಕು ವರ್ಷದಿಂದ ಜೇಬಲ್ಲಿ ಇಟ್ಟುಕೊಂಡೇ ಓಡಾಡುತ್ತಾರೆ. ಪರ್ಸ್ ಮರೆತರೂ ಅದನ್ನು ಮರೆಯಲ್ಲ.

ಎರಡನೆಯದು ಫ್ಲುಟಿಕಾಸೋನ್, ಮೊಮೆಟಾಸೋನ್ ಥರದ ಸ್ಟೀರಾಯ್ಡ್ ಸ್ಪ್ರೇ. ಹೆಸರು ಕೇಳಿ ಹೆದರಬೇಡಿ. ಮೂಗಿನ ಪದರದ ಮೇಲೇ ಕೆಲಸ ಮಾಡುತ್ತೆ, ದೇಹಕ್ಕೆ ಸೇರೋದು ತೀರಾ ಸ್ವಲ್ಪ. ಇದರ ಒಂದೇ ತೊಂದರೆ, ತಾಳ್ಮೆ ಬೇಕು. ಪೂರ್ತಿ ಗುಣ ಕಾಣೋಕೆ ಒಂದೆರಡು ವಾರ ಹಿಡಿಯುತ್ತೆ. ಎರಡು ದಿನ ಹಾಕಿ ಏನೂ ಆಗಲಿಲ್ಲ ಅಂತ ಮೂಲೆಗೆ ಎಸೆಯುವವರೇ ಜಾಸ್ತಿ. ಪ್ರತಿ ವರ್ಷ ಇದೇ ಕಾಲಕ್ಕೆ ನಿಮಗೆ ಅಲರ್ಜಿ ಬರುವುದಾದರೆ ಡಾಕ್ಟರನ್ನು ಕೇಳಿ ಅದಕ್ಕೆ ಒಂದೆರಡು ವಾರ ಮುಂಚೆಯೇ ಶುರು ಮಾಡಬಹುದು. ಗಣಪತಿಯನ್ನು ಬಿಟ್ಟುಬಂದ ಮಾರನೇ ದಿನ ನಾನು ಶುರು ಮಾಡುತ್ತೇನೆ. ನೆನಪಿಟ್ಟುಕೊಳ್ಳೋಕೂ ಸುಲಭ.

ಹಾಕುವ ರೀತಿಯಲ್ಲೂ ಕಥೆ ಇದೆ. ತಲೆ ಹಿಂದಕ್ಕೆ ಎತ್ತಬೇಡಿ, ಕೊಂಚ ಮುಂದಕ್ಕೆ ಬಗ್ಗಿಸಿ. ಬಲಗೈಯಲ್ಲಿ ಹಿಡಿದು ಎಡ ಹೊಳ್ಳೆಗೆ, ಎಡಗೈಯಲ್ಲಿ ಬಲ ಹೊಳ್ಳೆಗೆ. ಆಗ ಬಾಟಲಿಯ ಮೂತಿ ತಾನಾಗಿ ಹೊರಕ್ಕೆ, ಆ ಕಡೆಯ ಕಿವಿಯ ದಿಕ್ಕಿಗೆ ತಿರುಗುತ್ತೆ. ನಡುವಿನ ಗೋಡೆಗೆ ಹೊಡೆದರೆ ರಕ್ತ ಬರುತ್ತೆ. ಒತ್ತುವಾಗ ಹೂವಿನ ವಾಸನೆ ನೋಡುವಷ್ಟೇ ಉಸಿರು ಎಳೆಯಿರಿ. ನಶ್ಯ ಏರಿಸುವ ಹಾಗೆ ಸೊರ್ ಅಂತ ಎಳೆದರೆ ಔಷಧಿ ಗಂಟಲಿಗೆ ಹೋಗುತ್ತೆ, ಕಹಿ ಅಷ್ಟೇ ಲಾಭ.

ಮಾತ್ರೆಗಳ ವಿಷಯ ಬೇಗ ಮುಗಿಸುತ್ತೇನೆ. ಸೀನು, ತುರಿಕೆಗೆ ಇವು ಚೆನ್ನ, ಮೂಗು ಕಟ್ಟಿದ್ದಕ್ಕೆ ಅಷ್ಟೇನಿಲ್ಲ. ಸೆಟಿರಿಜಿನ್ ಕೆಲವರಿಗೆ ನಿದ್ದೆ ತರುತ್ತೆ, ಗಾಡಿ ಓಡಿಸುವವರು ರಾತ್ರಿ ತಗೊಳ್ಳಿ. ಫೆಕ್ಸೊಫೆನಡಿನ್‌ನಲ್ಲಿ ನಿದ್ದೆ ಕಮ್ಮಿ, ಆದರೆ ಹಣ್ಣಿನ ಜ್ಯೂಸ್ ಜೊತೆ ಬೇಡ, ಔಷಧಿ ಮೈಗೆ ಹಿಡಿಯಲ್ಲ. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಸೀನು ಅಂದರೆ ಸಾಕು, ಮಾಂಟೆಲುಕಾಸ್ಟ್ ಸೇರಿದ ಮಾತ್ರೆ ಕೈಗೆ ಬರುತ್ತೆ. ಅದನ್ನು ಡಾಕ್ಟರ್ ಹೇಳದೆ ನುಂಗಬೇಡಿ. ಕೆಲವರಿಗೆ ಕೆಟ್ಟ ಕನಸು, ಮನಸ್ಸಿನ ಏರುಪೇರು ಆಗಬಹುದು ಅಂತ ಅಮೆರಿಕದ ಔಷಧ ನಿಯಂತ್ರಕರು 2020ರಲ್ಲಿ ಅದಕ್ಕೆ ತಮ್ಮ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದ್ದಾರೆ.

ಹಂತ 5: ಕಟ್ಟಿದ ಕಿವಿ ಬಿಡಿಸುವ ಬಗೆ

ಮೊದಲು ಸುಲಭದ್ದು. ನುಂಗಿ, ಆಕಳಿಸಿ, ಏನಾದರೂ ಅಗಿಯಿರಿ. ಚಿಕ್ಕಿ, ಹುಣಸೆ ಕ್ಯಾಂಡಿ, ಕಿತ್ತಳೆ ಪೆಪ್ಪರ್‌ಮಿಂಟ್ ಏನಾದರೂ ಸರಿ. ಆಗುಂಬೆಯ ತಿರುವುಗಳನ್ನು ಇಳಿಯುವಾಗ ಬಾಯಲ್ಲಿ ಏನಾದರೂ ಇರಲಿ. ನಿದ್ದೆ ಮಾಡುತ್ತಾ ಇಳಿಯಬೇಡಿ, ನಿದ್ದೆಯಲ್ಲಿ ನುಂಗೋದು ಕಮ್ಮಿ. ವಿಮಾನ ಇಳಿಯುವಾಗಲೂ ಹಾಗೇ.

ಅದಕ್ಕೂ ಬಿಡದಿದ್ದರೆ ಮೂಗು ಹಿಡಿದು ಒಂದು ಗುಟುಕು ನೀರು ನುಂಗಿ. ಆಗಲೂ ಆಗದಿದ್ದರೆ ಬಾಯಿ ಮುಚ್ಚಿ, ಮೂಗು ಹಿಡಿದು, ಕೆನ್ನೆ ಉಬ್ಬದ ಹಾಗೆ ತುಂಬಾ ಮೆಲ್ಲಗೆ ಗಾಳಿ ಒತ್ತಿ. ಎರಡು ಮೂರು ಸೆಕೆಂಡು ಸಾಕು. ದಿನಕ್ಕೆ ಕೆಲವು ಸಲ ಮಾಡಬಹುದು. ಬಲ ಪ್ರಯೋಗ ಬೇಡ. ಶೀತವಾಗಿ ಹಳದಿ ಸಿಂಬಳ ಇರುವಾಗ ಇದನ್ನು ಮಾಡಲೇಬೇಡಿ, ಸೋಂಕು ಕಿವಿಗೆ ಹೋಗುತ್ತೆ.

ಹಬೆ ತಗೊಂಡರೆ ಹತ್ತು ನಿಮಿಷ ಹಾಯ್ ಅನ್ನಿಸುತ್ತೆ, ಕೊಳವೆ ತೆರೆಯಲ್ಲ. ಮಕ್ಕಳಿಗೆ ಬೇಡವೇ ಬೇಡ, ಬಿಸಿನೀರು ಮೈಮೇಲೆ ಚೆಲ್ಲಿ ಸುಡೋದು ಎಲ್ಲ ಕಡೆ ಆಗುವ ಅನಾಹುತ. ಉಳಿದಂತೆ ಸ್ಪ್ರೇ ಹಾಕುತ್ತಾ ಕಾಯಬೇಕು. ಅಲರ್ಜಿಯಿಂದ ಕಟ್ಟಿದ ಕಿವಿ ಕೆಲವು ದಿನಗಳಿಂದ ಕೆಲವು ವಾರ ತಗೊಳ್ಳುತ್ತೆ. ನನ್ನದು ಒಂಬತ್ತನೇ ದಿನ, ಸಾರಿಗೆ ಒಗ್ಗರಣೆ ಹಾಕುವಾಗ, ಟಪ್ ಅಂತು. ಸಾಸಿವೆ ಸಿಡಿಯೋದು ಅಷ್ಟು ಜೋರಾಗಿ ಕೇಳಿಸುತ್ತೆ ಅಂತ ಆವತ್ತೇ ಗೊತ್ತಾಗಿದ್ದು.

ಹಂತ 6: 'ಹ್ಞೂಂ' ಅನ್ನಿ, ಯಾವ ಕಿವಿಯಲ್ಲಿ ಕೇಳಿಸುತ್ತೆ ನೋಡಿ

ಕಟ್ಟಿದ ಕಿವಿಗಳೆಲ್ಲ ಅಲರ್ಜಿಯವಲ್ಲ. ಒಳಕಿವಿಯ ನರವೇ ಒಮ್ಮೆಲೇ ಕೈಕೊಡುವ ಒಂದು ಕಾಯಿಲೆ ಇದೆ. ಬೆಳಗ್ಗೆ ಎದ್ದಾಗ ಅಥವಾ ಫೋನ್ ಕಿವಿಗಿಟ್ಟಾಗ ಗೊತ್ತಾಗುತ್ತೆ, ಒಂದು ಕಿವಿ ಮಂದ. ನೋವಿಲ್ಲ, ಬರೀ ಕಟ್ಟಿದ ಹಾಗೆ. ಕೆಲವರಿಗೆ ಗುಂಯ್ ಸದ್ದು, ತಲೆಸುತ್ತು. ಶೀತ ಇರಬೇಕು ಅಂತ ಜನ ಕಾಯುತ್ತಾರೆ. ನಮ್ಮ ಚಿಕ್ಕಪ್ಪ ಹಾಗೇ ಹದಿನೆಂಟು ದಿನ ಕಾಯ್ದರು, ಎಣ್ಣೆ ಬಿಟ್ಟರು, ಹಬೆ ತಗೊಂಡರು. ಈಗ ಅವರ ಬಲಗಡೆ ಕೂತು ಮಾತಾಡಿದರೆ ಅವರಿಗೆ ಕೇಳಿಸಲ್ಲ. ಊಟಕ್ಕೆ ಕೂರುವಾಗ ಸುಮ್ನೆ ಎಡಕ್ಕೆ ಜಾಗ ಮಾಡಿಕೊಡುತ್ತಾರೆ.

ಇದಕ್ಕೆ ಕೊಡುವ ಸ್ಟೀರಾಯ್ಡ್ ಔಷಧಿ ಮೊದಲ ಕೆಲವು ದಿನಗಳಲ್ಲಿ ಶುರುವಾದರೆ ಕೇಳುವ ಶಕ್ತಿ ಮರಳುವ ಸಾಧ್ಯತೆ ಜಾಸ್ತಿ. ಎರಡು ವಾರ ದಾಟಿದರೆ ಆ ಸಾಧ್ಯತೆ ಬಹಳ ಕಮ್ಮಿಯಾಗುತ್ತೆ.

ಮನೆಯಲ್ಲೇ ಮಾಡುವ ಒಂದು ಸಣ್ಣ ಪರೀಕ್ಷೆ ಇದೆ. ಬಾಯಿ ಮುಚ್ಚಿ 'ಹ್ಞೂಂ' ಅಂತ ಉದ್ದಕ್ಕೆ ಎಳೆಯಿರಿ. ದನಿ ಯಾವ ಕಿವಿಯಲ್ಲಿ ಜೋರಾಗಿ ಕೇಳಿಸುತ್ತೆ? ಮೊದಲು ಅಭ್ಯಾಸಕ್ಕೆ ಈಗಲೇ ಮಾಡಿ ನೋಡಿ: ಒಂದು ಕಿವಿಯನ್ನು ಬೆರಳಲ್ಲಿ ಮುಚ್ಚಿ 'ಹ್ಞೂಂ' ಅಂದರೆ ಮುಚ್ಚಿದ ಕಿವಿಯಲ್ಲೇ ಸದ್ದು ಜೋರು. ಅದೇ ಲೆಕ್ಕ. ಗುಗ್ಗೆಯಿಂದಲೋ ಅಲರ್ಜಿಯಿಂದಲೋ ಕಟ್ಟಿದ್ದರೆ, ಕಟ್ಟಿದ ಕಿವಿಯಲ್ಲೇ ದನಿ ಜೋರಾಗಿ ಕೇಳಿಸುತ್ತೆ. ಬದಲಿಗೆ ಚೆನ್ನಾಗಿರುವ ಕಿವಿಯ ಕಡೆಗೆ ದನಿ ವಾಲಿದರೆ, ನರದ ತೊಂದರೆ ಇರಬಹುದು. ಅವತ್ತೇ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ. ಭಾನುವಾರ, ಹಬ್ಬ ಅಂತ ನೋಡಬೇಡಿ.

ಇದು ಪಕ್ಕಾ ಪರೀಕ್ಷೆಯಲ್ಲ. ಫಲಿತಾಂಶ ಏನೇ ಬರಲಿ, ಒಂದು ಕಿವಿ ಒಮ್ಮೆಲೇ ಮಂದವಾಗಿದ್ದರೆ ತೋರಿಸಿ. ಇನ್ನು ಇವುಗಳಲ್ಲೂ ತಡ ಮಾಡಬೇಡಿ:

- ಕಿವಿ ಸೋರಿ ಕೀವು ಅಥವಾ ರಕ್ತ ಬಂದರೆ
- ಜ್ವರದ ಜೊತೆ ಕಿವಿಯ ಹಿಂದೆ ಊತ, ಕಿವಿ ಮುಂದಕ್ಕೆ ಬಾಗಿದ ಹಾಗೆ ಕಂಡರೆ
- ಮುಖದ ಒಂದು ಪಕ್ಕ ಸೊಟ್ಟಗಾದರೆ
- ಶುಗರ್ ಇರುವವರಿಗೆ ರಾತ್ರಿ ನಿದ್ದೆ ಕೆಡಿಸುವಷ್ಟು ಕಿವಿ ನೋವು ಬಂದರೆ
- ದೊಡ್ಡವರಿಗೆ ಒಂದೇ ಕಿವಿ ವಾರಗಟ್ಟಲೆ ಕಟ್ಟಿದ್ದು, ಮೂಗಲ್ಲಿ ರಕ್ತವೂ ಬರುತ್ತಿದ್ದರೆ

ಹಂತ 7: ಕಿವಿಯೊಳಗೆ ಏನೂ ಹಾಕದೆ ಇರೋದು

ಹೇರ್‌ಪಿನ್, ಬೆಂಕಿಕಡ್ಡಿ, ಸ್ಕೂಟರ್ ಕೀ. ಎಲ್ಲವನ್ನೂ ನಾನು ನೋಡಿದ್ದೇನೆ, ಕೆಲವನ್ನು ನಾನೇ ಹಾಕಿಕೊಂಡಿದ್ದೇನೆ. ಗುಗ್ಗೆ ಕೊಳೆ ಅಲ್ಲ, ಕಿವಿಯ ಚರ್ಮಕ್ಕೆ ಕಾವಲು. ದವಡೆ ಆಡಿದಂತೆ ಅದು ತಾನಾಗಿ ಹೊರಗೆ ಬರುತ್ತೆ. ಬಡ್ಸ್ ಹಾಕಿದರೆ ಒನಕೆಯಲ್ಲಿ ಕುಟ್ಟಿದ ಹಾಗೆ ಒಳಗೆ ಗಟ್ಟಿಯಾಗುತ್ತೆ.

ಎಣ್ಣೆಯ ಮಾತಿಗೆ ಹಿರಿಯರು ಬೇಜಾರು ಮಾಡಿಕೊಳ್ಳುತ್ತಾರೆ, ಆದರೂ ಹೇಳಬೇಕು. ದೀಪಾವಳಿಯ ಎಣ್ಣೆಸ್ನಾನದ ದಿನ ತಲೆಗೆ, ಮೈಗೆ ಎಷ್ಟು ಬೇಕಾದರೂ ತಟ್ಟಿ. ಕಿವಿಯೊಳಗೆ ಬಿಡಬೇಡಿ. ತಮಟೆಯಲ್ಲಿ ತೂತಿದ್ದರೆ ಎಣ್ಣೆ ನೇರ ಒಳಗೆ ಹೋಗುತ್ತೆ. ಬಿಸಿ ಹೆಚ್ಚಾದರೆ ಸುಡುತ್ತೆ. ತೇವ ನಿಂತ ಕಿವಿಯಲ್ಲಿ ಫಂಗಸ್ ಬೆಳೆಯುತ್ತೆ, ಆಮೇಲೆ ಕೆರೆತ ತಡೆಯೋಕಾಗಲ್ಲ. ಸ್ನಾನದ ನಂತರ ಟವೆಲಿನ ತುದಿಯಲ್ಲಿ ಹೊರಗಿನಿಂದ ಒರೆಸಿದರೆ ಸಾಕು.

ಹಂತ 8: ಹಬ್ಬದ ಸದ್ದು

ನಮ್ಮ ಶರದೃತು ಪರಾಗದ್ದಷ್ಟೇ ಅಲ್ಲ, ಸದ್ದಿನದೂ ಹೌದು. ಗಣಪತಿ ಬಿಡುವ ಮೆರವಣಿಗೆಯ ತಮಟೆ ಮತ್ತು ಡಿಜೆ, ದಸರಾ, ದೀಪಾವಳಿಯ ಪಟಾಕಿ, ನವೆಂಬರ್ 1ರಿಂದ ತಿಂಗಳಿಡೀ ಬೀದಿ ಬೀದಿಯಲ್ಲಿ ರಾಜ್ಯೋತ್ಸವದ ಆರ್ಕೆಸ್ಟ್ರಾ. ಅಲರ್ಜಿಯಿಂದ ಮಂದವಾದ ಕಿವಿ ಮತ್ತೆ ಸರಿಯಾಗುತ್ತೆ. ಸದ್ದನ್ನು ಹಿಡಿಯುವ ಒಳಕಿವಿಯ ಕೂದಲುಕೋಶಗಳು ಜೋರು ಸದ್ದಿಗೆ ಸತ್ತರೆ ಮತ್ತೆ ಹುಟ್ಟಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಆದರೆ ವಾರಕ್ಕೆ 4 ಗಂಟೆ. 100 ಆದರೆ ಬರೀ 20 ನಿಮಿಷ. ಡಿಜೆ ಬಾಕ್ಸಿನ ಮುಂದೆ 100 ದಾಟೋದು ಮಾಮೂಲು. ಅಂದರೆ ಮೆರವಣಿಗೆ ನಿಮ್ಮ ಮನೆಯ ಮೂಲೆ ತಿರುಗುವಷ್ಟರಲ್ಲಿ ವಾರದ ರೇಷನ್ ಮುಗಿದಿರುತ್ತೆ.

ಪಟಾಕಿ ಸಿಡಿದ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬಲ್ ದಾಟಬಾರದು ಅಂತ ನಿಯಮ ಇದೆ. ಆದರೆ ಬತ್ತಿ ಹಚ್ಚುವವರು ನಿಲ್ಲೋದು 4 ಮೀಟರ್ ದೂರದಲ್ಲಲ್ಲ. ಕೆಲವು ಹೆಜ್ಜೆ ಹಿಂದೆ ಸರಿದರೆ ಕಿವಿಗೆ ಬೀಳುವ ಹೊಡೆತ ಬಹಳ ಕಮ್ಮಿ. ದೂರ ದುಪ್ಪಟ್ಟಾದರೆ ಬಯಲಲ್ಲಿ ಸುಮಾರು 6 ಡೆಸಿಬಲ್ ಇಳಿಯುತ್ತೆ.

ಕಿವಿಗೆ ಹತ್ತಿ ಇಟ್ಟುಕೊಂಡರೆ ಸಮಾಧಾನ ಅಷ್ಟೇ. ಮೆಡಿಕಲ್ ಶಾಪಿನಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ ತಗೊಳ್ಳಿ. ಬೆರಳಲ್ಲಿ ಉರುಳಿಸಿ ಬತ್ತಿಯ ಹಾಗೆ ಸಣ್ಣ ಮಾಡಿ. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಒಳಗಿಟ್ಟು ಅರ್ಧ ನಿಮಿಷ ಬೆರಳಲ್ಲಿ ಒತ್ತಿ ಹಿಡಿಯಿರಿ, ಉಬ್ಬಿಕೊಳ್ಳುತ್ತೆ. ಸರಿಯಾಗಿ ಕೂತರೆ ನಿಮ್ಮ ದನಿ ಗುಡಾಣದಿಂದ ಬಂದಂತೆ ಕೇಳಿಸುತ್ತೆ. ಅರ್ಧ ಹೊರಗೆ ಕಾಣುತ್ತಿದ್ದರೆ ಕೂತಿಲ್ಲ ಅಂತ ಅರ್ಥ. ಕಿವಿ ಸೋರುತ್ತಿದ್ದರೆ ಹಾಕಬೇಡಿ. ಮೆರವಣಿಗೆಯಿಂದ ಬಂದಮೇಲೆ ಕಿವಿ ಗುಂಯ್ ಅನ್ನುತ್ತಿದ್ದರೆ ಒಂದೆರಡು ದಿನ ಇಯರ್‌ಫೋನ್ ಮುಟ್ಟಬೇಡಿ. ಎರಡು ದಿನವಾದರೂ ನಿಲ್ಲದಿದ್ದರೆ ತೋರಿಸಿ. ಪಟಾಕಿ ಸಿಡಿದ ಕೂಡಲೇ ಕಿವಿ ಮಂದವಾದರೆ ಕಾಯೋದು ಬೇಡ, ಅವತ್ತೇ ಹೋಗಿ.

ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಲೌಡ್‌ಸ್ಪೀಕರ್ ಹಾಕುವಂತಿಲ್ಲ. ಹಬ್ಬಗಳಿಗೆ ಅಂತ ಸರ್ಕಾರ ವರ್ಷಕ್ಕೆ ಕೆಲವೇ ದಿನ ರಾತ್ರಿ 12ರವರೆಗೆ ಬಿಡಬಹುದು. ಮೀರಿದರೆ 112ಕ್ಕೆ ಫೋನ್ ಮಾಡಬಹುದು. ಅದಕ್ಕೆ ಮುಂಚೆ ಪೆಂಡಾಲಿನ ಹುಡುಗರಿಗೆ, ಮನೆಯಲ್ಲಿ ಮಗು ಇದೆ, ಬಾಕ್ಸನ್ನು ಆ ಕಡೆ ತಿರುಗಿಸಪ್ಪಾ ಅಂತ ಹೇಳಿ ನೋಡಿ. ನಮ್ಮ ಬೀದಿಯಲ್ಲಿ ಮೂರು ವರ್ಷದಿಂದ ಇದೇ ನಡೆಯುತ್ತಿದೆ.

ಹಂತ 9: ಮಕ್ಕಳು, ಅಜ್ಜ-ಅಜ್ಜಿ

ಮಕ್ಕಳ ಕೊಳವೆ ಚಿಕ್ಕದು, ಹೆಚ್ಚುಕಮ್ಮಿ ಅಡ್ಡಡ್ಡ. ಹಾಗಾಗಿ ಬೇಗ ಕಟ್ಟುತ್ತೆ, ತಮಟೆಯ ಹಿಂದೆ ಅಂಟಿನಂಥ ದ್ರವ ನಿಲ್ಲುತ್ತೆ. ನೋವು ಇರಲ್ಲ, ಅದಕ್ಕೇ ಗೊತ್ತಾಗಲ್ಲ. ಟಿವಿ ಸೌಂಡ್ ಏರಿಸೋದು, ಎರಡೆರಡು ಸಲ 'ಹಾಂ?' ಅನ್ನೋದು, ಬಾಯಲ್ಲಿ ಉಸಿರಾಡೋದು, ಗೊರಕೆ, ಕ್ಲಾಸಿನಲ್ಲಿ ಗಮನ ಇಲ್ಲ ಅನ್ನೋ ದೂರು ಇವು ಸುಳಿವು. ಅಂಗೈಯಿಂದ ಮೂಗನ್ನು ಮೇಲಕ್ಕೆ ಉಜ್ಜಿ ಉಜ್ಜಿ ಮೂಗಿನ ಮೇಲೆ ಅಡ್ಡ ಗೆರೆ ಬಿದ್ದಿದ್ದರೆ ಅದು ಅಲರ್ಜಿಯ ಸಹಿ. ಕರೆದರೆ ತಿರುಗಲ್ಲ ಅಂತ ಬೈಯುವ ಮುಂಚೆ ಒಂದು ಸಲ ಕಿವಿ ತೋರಿಸಿ. ಹೆಚ್ಚಿನವರಿಗೆ ಮೂರು ತಿಂಗಳೊಳಗೆ ತಾನಾಗಿ ಸರಿಹೋಗುತ್ತೆ. ಉಳಿದರೆ ಡಾಕ್ಟರ್ ಮುಂದಿನ ದಾರಿ ಹೇಳುತ್ತಾರೆ. ಕೂಸಿಗೆ ಅಂಗಾತ ಮಲಗಿಸಿ ಬಾಟಲಿ ಹಾಲು ಕೊಡಬೇಡಿ.

ಹಿರಿಯರ ಶ್ರವಣ ಯಂತ್ರ ಈ ತೇವದ ಕಾಲದಲ್ಲಿ ಕೈಕೊಡುತ್ತೆ. ರಾತ್ರಿ ಬ್ಯಾಟರಿ ಬಾಗಿಲು ತೆಗೆದು ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. ಎಣ್ಣೆಸ್ನಾನಕ್ಕೆ ಮುಂಚೆ ನೆನಪಿನಿಂದ ತೆಗೆಸಿ.

ಹಂತ 10: ಒಂದು ಸಲ ಪರೀಕ್ಷೆ ಮಾಡಿಸಿ

ಕಣ್ಣಿಗೆ ವರ್ಷಕ್ಕೊಮ್ಮೆ ಹೋಗುವ ನಾವು ಕಿವಿಗೆ ಹೋಗೋದೇ ಇಲ್ಲ. ಎರಡು ಪರೀಕ್ಷೆ ಸಾಕು, ಎರಡೂ ನೋವಿಲ್ಲದ್ದು. ಆಡಿಯೋಗ್ರಾಮ್‌ನಲ್ಲಿ ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಬೀಪ್ ಕೇಳಿದಾಗಲೆಲ್ಲ ಬಟನ್ ಒತ್ತಿಸುತ್ತಾರೆ. ಟಿಂಪನೋಗ್ರಾಮ್‌ನಲ್ಲಿ ಕಿವಿಗೆ ರಬ್ಬರ್ ತುದಿ ಇಟ್ಟು ತಮಟೆ ಎಷ್ಟು ಅಲ್ಲಾಡುತ್ತೆ ಅಂತ ನೋಡುತ್ತಾರೆ. ಗ್ರಾಫಿನಲ್ಲಿ ಗುಡ್ಡ ಬಂದರೆ ಸರಿ, ಬಯಲು ಬಂದರೆ ಹಿಂದೆ ದ್ರವ ಇರಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಲ್ಲಿ ಶುರುವಾದದ್ದು. ಕೇಂದ್ರ ಸರ್ಕಾರದ್ದು, ಮಗುವಿನಿಂದ ಮುದುಕರವರೆಗೆ ಅಲ್ಲಿ ಪರೀಕ್ಷೆ ಮಾಡುತ್ತಾರೆ. ದಸರೆಗೆ ಅಂತ ಮೈಸೂರಿಗೆ ಹೋಗುವವರು ರಜೆ ಮುಗಿದ ಮಾರನೇ ದಿನಕ್ಕೆ ಒಂದು ರಾತ್ರಿ ಹೆಚ್ಚಿಗೆ ಉಳಿದರೆ ಆ ಕೆಲಸವೂ ಆಗುತ್ತೆ.

ಚರ್ಮಕ್ಕೆ ಚುಚ್ಚಿ ಮಾಡುವ ಅಲರ್ಜಿ ಪರೀಕ್ಷೆಗೆ ಹೋಗುವುದಾದರೆ ಅಲರ್ಜಿ ಮಾತ್ರೆಯನ್ನು ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅಂತ ಕೇಳಿಕೊಳ್ಳಿ. ಸಾಮಾನ್ಯವಾಗಿ ಒಂದು ವಾರ ಅಂತಾರೆ. ನುಂಗಿಕೊಂಡು ಹೋದರೆ ಅಲರ್ಜಿ ಇದ್ದರೂ ಪರೀಕ್ಷೆಯಲ್ಲಿ ಕಾಣಲ್ಲ. ಹಂತ 1ರ ಕ್ಯಾಲೆಂಡರ್ ಹಾಳೆಯನ್ನು ಹರಿದು ಜೊತೆಗೆ ಒಯ್ಯಿರಿ.

ಇನ್ನೊಂದು ಕೆಲಸ ಉಳಿದಿದೆ. ವಿಜಯದಶಮಿ ಆದಮೇಲೆ ಗೊಂಬೆಗಳನ್ನು ಒಳಗಿಡುವಾಗ ಹಳೇ ಸೀರೆ ತುಂಡುಗಳನ್ನು ಬಿಸಿನೀರಿನಲ್ಲಿ ಒಗೆದು, ಬಿಸಿಲಿಗೆ ಹಾಕಿ, ಗರಿಗರಿ ಒಣಗಿದ ಮೇಲೆ ಸುತ್ತಿ. ಟ್ರಂಕಿನ ಬದಲು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ ಆದರೆ ಇನ್ನೂ ಒಳ್ಳೇದು. ನಾವು ಎರಡು ಡಬ್ಬ ತಂದೆವು. ಒಂದರ ಮುಚ್ಚಳದ ಒಳಗೆ ಎರಡು ಹೊಸ ಮಾಸ್ಕ್ ಅಂಟಿಸಿಟ್ಟಿದ್ದೇನೆ. ಮೇಲುಗಡೆ ಮಗಳು ಮಾರ್ಕರ್‌ನಲ್ಲಿ ದೊಡ್ಡದಾಗಿ ಬರೆದಿದ್ದಾಳೆ: 'ಅಪ್ಪ ತೆಗೆಯಬಾರದು'.